ಒಂದೇ ಫ್ಲ್ಯಾಶ್, ಎರಡು ಕೋರ್: ಬೀಗ ಇದ್ದರೂ ಫೈಲ್ ಕೆಡುವುದು ಯಾಕೆ?

"ಸಾರ್, ಈ ವಾರ ಇದು ಮೂರನೇದು. ಸ್ಕ್ರೀನ್ ಆನ್ ಆಗ್ತಿದೆ, ಆದ್ರೆ ಗಾಡಿ ನಂಬರೇ ಬರ್ತಿಲ್ಲ."

ಸರ್ವಿಸ್ ಹುಡುಗ ಬೋರ್ಡನ್ನು ಬೆಂಚಿನ ಮೇಲಿಟ್ಟು ಹೀಗೆ ಹೇಳಿದಾಗ ಮಧ್ಯಾಹ್ನದ ಊಟದ ಹೊತ್ತು. ಪೀಣ್ಯದ ಒಂದು ಸಣ್ಣ ಕಂಪನಿ. ಸಾಮಾನು ಸಾಗಿಸುವ ಎಲೆಕ್ಟ್ರಿಕ್ ಆಟೋಗಳಿಗೆ ಕಂಟ್ರೋಲರ್ ಬೋರ್ಡ್ ಮಾಡುತ್ತಿದ್ದೆವು. ಬೋರ್ಡಿನ ಫ್ಲ್ಯಾಶ್ ಮೆಮೊರಿಯನ್ನು, ಅಂದರೆ ಕರೆಂಟ್ ಹೋದರೂ ಬರೆದದ್ದು ಉಳಿಯುವ ಮೆಮೊರಿಯನ್ನು, ಪೂರ್ತಿ ಕಾಪಿ ಮಾಡಿಕೊಂಡು ಕಂಪ್ಯೂಟರಿನಲ್ಲಿ ತೆರೆದೆ. ಸೆಟ್ಟಿಂಗ್ಸ್ ಫೈಲಿನಲ್ಲಿ ಗಾಡಿ ನಂಬರ್, ಚಕ್ರದ ಅಳತೆ, ಸ್ಕ್ರೀನಿನ ಭಾಷೆ ಇರಬೇಕಿತ್ತು. ಫೈಲಿನ ಹೆಸರು ಸರಿ ಇತ್ತು. ಸೈಜೂ ಸರಿ ಇತ್ತು. ಒಳಗೆ ಮಾತ್ರ 34.5, 34.5, 34.6 ಅಂತ ಬ್ಯಾಟರಿ ಟೆಂಪರೇಚರಿನ ಸಾಲುಗಳು. ಲಾಗ್ ಫೈಲಿಗೆ (ಗಾಡಿಯ ದಿನಚರಿಗೆ) ಹೋಗಬೇಕಾದದ್ದು ಸೆಟ್ಟಿಂಗ್ಸ್ ಫೈಲಿನೊಳಗೆ ಬಂದು ಕೂತಿತ್ತು.

ಆ ಬೋರ್ಡಿನ ಚಿಪ್‌ನಲ್ಲಿ ಎರಡು ಕೋರ್, ಅಂದರೆ ತಂತಮ್ಮ ಪ್ರೋಗ್ರಾಂ ಓಡಿಸುವ ಎರಡು ಪ್ರೊಸೆಸರ್. ದೊಡ್ಡದು ಸ್ಕ್ರೀನ್, ಮೊಬೈಲ್ ನೆಟ್‌ವರ್ಕ್, ಸೆಟ್ಟಿಂಗ್ಸ್ ನೋಡಿಕೊಳ್ಳುತ್ತಿತ್ತು. ಸಣ್ಣದು ಬ್ಯಾಟರಿ ಮತ್ತು ಮೋಟಾರಿನ ಮೇಲೆ ಕಣ್ಣಿಟ್ಟು ಲಾಗ್ ಬರೆಯುತ್ತಿತ್ತು. ಫೈಲುಗಳಿಗೆ ಇದ್ದದ್ದು ಒಂದೇ ಇಎಂಎಂಸಿ (ಬೋರ್ಡಿಗೇ ಬೆಸೆದ, ಮೆಮೊರಿ ಕಾರ್ಡ್ ಥರದ) ಫ್ಲ್ಯಾಶ್. ಅದರ ಮೇಲೆ ಒಂದೇ ಫ್ಯಾಟ್ ಫೈಲ್ ಸಿಸ್ಟಂ, ಅಂದರೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ. ಎರಡೂ ಕೋರ್ ಅದನ್ನೇ ಮೌಂಟ್ ಮಾಡಿಕೊಂಡಿದ್ದವು, ಅಂದರೆ ಬಳಕೆಗೆ ತೆರೆದುಕೊಂಡಿದ್ದವು. ಒಟ್ಟಿಗೆ ಬರೆಯಬಾರದು ಅಂತ ಚಿಪ್‌ನಲ್ಲೇ ಇರುವ ಹಾರ್ಡ್‌ವೇರ್ ಸೆಮಾಫೋರ್ (ಒಂದು ಸಲಕ್ಕೆ ಒಂದೇ ಕೋರ್‌ಗೆ ಸಿಗುವ ಗುರುತು) ಬಳಸಿ ಬೀಗವನ್ನೂ ಹಾಕಿದ್ದೆವು. ಆ ಬೀಗದ ಕೋಡ್ ನಾನೇ ಬರೆದದ್ದು. ಮೂರು ದಿನ ಅದನ್ನೇ ಹಿಂದೆ ಮುಂದೆ ಓದಿದೆ. ಬೀಗದಲ್ಲಿ ತಪ್ಪಿರಲಿಲ್ಲ. ಆದರೂ ಫೈಲ್ ಕೆಟ್ಟಿತ್ತು.

ಇದನ್ನು ಬರೆಯಲು ಕಾರಣ ಇದೆ. ಈ ತೊಂದರೆ ಈಗ ತುಂಬಾ ಜನರ ಬೆಂಚಿಗೆ ಬರುತ್ತಿದೆ. ಮೊದಲೆಲ್ಲ ಒಂದು ಕೆಲಸಕ್ಕೆ ಒಂದು ಸಣ್ಣ ಬೋರ್ಡ್ ಇರುತ್ತಿತ್ತು. ಬ್ರೇಕಿಗೆ ಒಂದು, ಕಿಟಕಿಗೆ ಒಂದು, ಮೀಟರಿಗೆ ಒಂದು. ಪ್ರತಿಯೊಂದಕ್ಕೂ ತನ್ನದೇ ಸಣ್ಣ ಫ್ಲ್ಯಾಶ್. ಈಗ ಅವೆಲ್ಲ ಒಂದೇ ಚಿಪ್‌ನೊಳಗೆ ಬಂದು ಸೇರುತ್ತಿವೆ. ಕೋರ್‌ಗಳು ನಾಲ್ಕಾದವು, ಆರಾದವು. ಫ್ಲ್ಯಾಶ್ ಮಾತ್ರ ಒಂದೇ ಉಳಿಯಿತು. ಡೇಟಾ ಸೆಂಟರುಗಳ ಬೇಡಿಕೆಯಿಂದ ಮೆಮೊರಿ ಬೆಲೆ ಏರುತ್ತಿರುವಾಗ ಇನ್ನೊಂದು ಫ್ಲ್ಯಾಶ್ ಹಾಕೋಣ ಅಂದರೆ ಪರ್ಚೇಸ್‌ನವರು ಒಪ್ಪುವುದು ಕಷ್ಟ. ಕಾರು, ಸ್ಕೂಟರ್, ಕರೆಂಟ್ ಮೀಟರ್, ಆಸ್ಪತ್ರೆ ಯಂತ್ರಗಳ ಸಾಫ್ಟ್‌ವೇರ್‌ನಲ್ಲಿ ಎಷ್ಟೋ ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಔಟರ್ ರಿಂಗ್ ರೋಡಿನ ಆಫೀಸುಗಳಲ್ಲೇ ತಯಾರಾಗುತ್ತದೆ. ಒಂದು ಕೋರ್‌ನ ಟೀಮ್ ಒಂದು ಕಟ್ಟಡದಲ್ಲಿ, ಇನ್ನೊಂದರದ್ದು ಬೇರೆ ಕಟ್ಟಡದಲ್ಲಿ, ಕೆಲವೊಮ್ಮೆ ಬೇರೆ ಕಂಪನಿಯಲ್ಲೇ. ಫ್ಲ್ಯಾಶ್ ಯಾರದ್ದು ಅಂತ ಕೇಳಿದರೆ ಇಬ್ಬರೂ ನಮ್ಮದೂ ಹೌದು ಅನ್ನುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ.

ಮೊದಲು ಬೀಗ ಯಾಕೆ ಸಾಲಲಿಲ್ಲ ಅಂತ ಹೇಳಿಬಿಡುತ್ತೇನೆ.

ಫ್ಯಾಟ್‌ನಲ್ಲಿ ಒಂದು ಪಟ್ಟಿ ಇರುತ್ತದೆ. ಯಾವ ತುಂಡು ಜಾಗ ಯಾವ ಫೈಲಿನದು, ಯಾವುದು ಖಾಲಿ ಅಂತ ಅದರಲ್ಲಿ ಬರೆದಿರುತ್ತದೆ. ಆ ತುಂಡಿಗೆ ಕ್ಲಸ್ಟರ್ ಅಂತಾರೆ. ಪ್ರತಿ ಸಲ ಫ್ಲ್ಯಾಶ್‌ಗೆ ಹೋಗಿ ಪಟ್ಟಿ ಓದಿದರೆ ತಡವಾಗುತ್ತದೆ. ಅದಕ್ಕೇ ಫೈಲ್ ಸಿಸ್ಟಂ ಪಟ್ಟಿಯ ಒಂದು ಚೂರನ್ನು ತನ್ನ ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಸಣ್ಣ ಚಿಪ್‌ಗಳಲ್ಲಿ ತುಂಬಾ ಬಳಕೆಯಲ್ಲಿರುವ ಫ್ಯಾಟ್‌ಎಫ್‌ಎಸ್ ಲೈಬ್ರರಿಯೂ ಹೀಗೇ ಮಾಡುತ್ತದೆ. ಒಂದು ಸೆಕ್ಟರ್ (ಒಮ್ಮೆಗೆ ಓದುವ ಸಣ್ಣ ತುಂಡು) ಹಿಡಿಯುವಷ್ಟು ಬಫರ್ ಇಟ್ಟುಕೊಂಡಿರುತ್ತದೆ. ಬೇಕಾದ ಸೆಕ್ಟರ್ ಆಗಲೇ ಬಫರಿನಲ್ಲಿದ್ದರೆ ಫ್ಲ್ಯಾಶ್‌ನಿಂದ ಮತ್ತೆ ಓದುವುದಿಲ್ಲ.

ಈಗ ನೋಡಿ. ಸಣ್ಣ ಕೋರ್ ಬೀಗ ತೆಗೆದುಕೊಂಡಿತು. ಪಟ್ಟಿ ನೋಡಿತು. 812ನೇ ಕ್ಲಸ್ಟರ್ ಖಾಲಿ ಇದೆ ಅಂತ ಅದನ್ನು ಲಾಗ್ ಫೈಲಿಗೆ ಸೇರಿಸಿತು. ಬದಲಾದ ಪಟ್ಟಿಯನ್ನು ಫ್ಲ್ಯಾಶ್‌ಗೆ ಬರೆದು ಬೀಗ ಬಿಟ್ಟಿತು. ಎಲ್ಲ ಸರಿ. ಆಮೇಲೆ ದೊಡ್ಡ ಕೋರ್ ಬೀಗ ತೆಗೆದುಕೊಂಡಿತು. ಪಟ್ಟಿಯ ಅದೇ ಚೂರು ಅದರ ರ್‍ಯಾಮ್‌ನಲ್ಲಿ ಐದು ನಿಮಿಷದಿಂದ ಇತ್ತು. ಅದರ ಪ್ರಕಾರ 812 ಇನ್ನೂ ಖಾಲಿ. ಸೆಟ್ಟಿಂಗ್ಸ್ ಫೈಲನ್ನು ಹೊಸದಾಗಿ ಬರೆಯಲು ಅದನ್ನೇ ಆರಿಸಿತು, ಬರೆಯಿತು, ಬೀಗ ಬಿಟ್ಟಿತು. ಈಗ ಎರಡು ಫೈಲಿಗೂ 812 ತನ್ನದೇ. ಲಾಗ್‌ನ ಮುಂದಿನ ಸಾಲು ಬಂದ ತಕ್ಷಣ ಗಾಡಿ ನಂಬರ್ ಅಳಿಸಿಹೋಯಿತು.

ಬೀಗ ತನ್ನ ಕೆಲಸ ಮಾಡಿತ್ತು. ಇಬ್ಬರೂ ಒಂದೇ ಹೊತ್ತಿಗೆ ಬರೆಯಲಿಲ್ಲ. ಆದರೆ ಫೈಲ್ ಸಿಸ್ಟಂ ಅಂದರೆ ಫ್ಲ್ಯಾಶ್‌ನಲ್ಲಿ ಇರುವುದಷ್ಟೇ ಅಲ್ಲ. ಅರ್ಧ ಫ್ಲ್ಯಾಶ್‌ನಲ್ಲಿ, ಅರ್ಧ ರ್‍ಯಾಮ್‌ನಲ್ಲಿ. ರ್‍ಯಾಮ್‌ನಲ್ಲಿರುವ ಅರ್ಧ ಎರಡು ಕೋರ್‌ಗಳಲ್ಲಿ ಎರಡು ಥರ ಇತ್ತು. ದಿನಸಿ ಅಂಗಡಿಯಲ್ಲಿ ಅಣ್ಣ ತಮ್ಮ ಇಬ್ಬರೂ ಒಂದೇ ಸಾಲದ ಪುಸ್ತಕ ಬಳಸುತ್ತಾರೆ ಅಂದುಕೊಳ್ಳಿ. ಪುಸ್ತಕ ಒಬ್ಬರ ಕೈಯಲ್ಲಿದ್ದಾಗ ಇನ್ನೊಬ್ಬರು ಮುಟ್ಟುವುದಿಲ್ಲ. ಆದರೆ ಇಬ್ಬರೂ ಪುಸ್ತಕ ತೆರೆದು ನೋಡದೆ, ನಿನ್ನೆ ನೆನಪಿದ್ದ ಬಾಕಿಯ ಮೇಲೆಯೇ ಕೂಡಿಸಿ ಬರೆದರೆ ಲೆಕ್ಕ ಹೇಗೆ ಉಳಿದೀತು?

ಇದಕ್ಕೆ ಹಲವರು ಹೇಳುವ ಮೊದಲ ಉಪಾಯ, ಒಂದು ಕೋರ್ ಬರೆಯಲಿ, ಇನ್ನೊಂದು ಬರೀ ಓದಲಿ ಅಂತ. ಅದೂ ಸಾಲುವುದಿಲ್ಲ. ಓದುವವನ ರ್‍ಯಾಮ್‌ನಲ್ಲಿರುವ ಪಟ್ಟಿ ಹಳೆಯದೇ ಆಗಿರುತ್ತದೆ. ಅವನಿಗೆ ಅಳಿಸಿದ ಫೈಲ್ ಕಾಣುತ್ತದೆ, ಹೊಸದು ಕಾಣುವುದಿಲ್ಲ. ಲಿನಕ್ಸ್‌ನ ಎಕ್ಸ್ಟ್4 ಫೈಲ್ ಸಿಸ್ಟಂನಲ್ಲಿ ಇನ್ನೂ ಒಂದು ಅಪಾಯ ಇದೆ. ಓದಲು ಮಾತ್ರ ಅಂತ ಮೌಂಟ್ ಮಾಡಿದರೂ, ಜರ್ನಲ್‌ನಲ್ಲಿ (ಮಾಡಬೇಕಾದ ಬದಲಾವಣೆಯನ್ನು ಮೊದಲೇ ಗುರುತಿಟ್ಟುಕೊಳ್ಳುವ ಜಾಗದಲ್ಲಿ) ಕೆಲಸ ಬಾಕಿ ಇದ್ದರೆ ಅದು ಮೊದಲು ಆ ಬಾಕಿಯನ್ನು ಫ್ಲ್ಯಾಶ್‌ಗೆ ಬರೆದು ಮುಗಿಸುತ್ತದೆ. ಬೇಡ ಅಂದರೆ ಬೇರೆ ಆಪ್ಷನ್ ಕೊಟ್ಟು ಹೇಳಬೇಕು. ಬರೀ ಓದುತ್ತೇನೆ ಅಂತ ಬಂದವನು ಬರೆದೇ ಬಿಟ್ಟಿರುತ್ತಾನೆ. ಇನ್ನು ಬೀಗ ತೆಗೆದುಕೊಂಡಾಗಲೆಲ್ಲ ಹೊಸದಾಗಿ ಮೌಂಟ್ ಮಾಡುವುದು ಒಂದು ದಾರಿ. ಲೆಕ್ಕ ಸರಿಹೋಗುತ್ತದೆ, ಆದರೆ ತುಂಬಾ ನಿಧಾನ. ತೆರೆದಿಟ್ಟ ಫೈಲುಗಳನ್ನೆಲ್ಲ ಪ್ರತಿ ಸಲ ಮುಚ್ಚಿ ತೆರೆಯಬೇಕು. ದೊಡ್ಡ ಸರ್ವರ್‌ಗಳಲ್ಲಿ ಹಲವು ಯಂತ್ರಗಳು ಒಂದೇ ಡಿಸ್ಕ್ ಹಂಚಿಕೊಳ್ಳಲು ಜಿಎಫ್‌ಎಸ್2, ಒಸಿಎಫ್‌ಎಸ್2 ಥರದ ಫೈಲ್ ಸಿಸ್ಟಂಗಳಿವೆ. ಅವು ಯಂತ್ರಗಳ ನಡುವೆ ಸದಾ ಮಾತಾಡುತ್ತಾ ಈ ಹಳೆ ನೆನಪಿನ ತೊಂದರೆಯನ್ನು ನಿಭಾಯಿಸುತ್ತವೆ. ಕೆಲವು ನೂರು ಕೆಬಿ ರ್‍ಯಾಮ್ ಇರುವ ಚಿಪ್‌ಗೆ ಅಷ್ಟೆಲ್ಲ ಹೊರಲು ಆಗುವುದಿಲ್ಲ.

ನನ್ನ ಅಭಿಪ್ರಾಯ ಈಗ ಗಟ್ಟಿಯಾಗಿದೆ. ಒಂದು ಫೈಲ್ ಸಿಸ್ಟಂಗೆ ಒಬ್ಬನೇ ಯಜಮಾನ ಇರಬೇಕು. ಒಂದು ಕೋರ್ ಮಾತ್ರ ಮೌಂಟ್ ಮಾಡಲಿ, ಅದೊಂದೇ ಓದಲಿ, ಅದೊಂದೇ ಬರೆಯಲಿ. ಉಳಿದವರು ಕೇಳಲಿ.

ನಮ್ಮ ದರ್ಶಿನಿಗಳಲ್ಲಿ ಯಾರೂ ಅಡುಗೆಮನೆಗೆ ನುಗ್ಗಿ ದೋಸೆ ಹುಯ್ದುಕೊಳ್ಳುವುದಿಲ್ಲ. ಬಿಲ್ ತಗೊಂಡು ಕೌಂಟರಿನಲ್ಲಿ ಇಟ್ಟು ನಿಲ್ಲುತ್ತೇವೆ. ಕಾವಲಿ ಮುಂದೆ ಇರುವವರು ಒಬ್ಬರೇ. ಯಾವುದು ಮೊದಲು, ಯಾವುದು ಆಮೇಲೆ ಅಂತ ನಿರ್ಧರಿಸುವವರೂ ಅವರೇ. ಕೋರ್‌ಗಳ ನಡುವೆಯೂ ಇದೇ ಕ್ರಮ. ಹಂಚಿಕೊಂಡ ರ್‍ಯಾಮ್‌ನಲ್ಲಿ ಒಂದು ಸಾಲು (ಕ್ಯೂ) ಇರುತ್ತದೆ. ಸಣ್ಣ ಕೋರ್ ಅಲ್ಲಿ ತನ್ನ ಚೀಟಿ ಇಟ್ಟು, ಮೇಲ್‌ಬಾಕ್ಸ್ ಇಂಟರಪ್ಟ್‌ನಿಂದ (ಕೆಲಸದ ನಡುವೆ ಗಮನ ಸೆಳೆಯುವ ಸಂಕೇತದಿಂದ) ಯಜಮಾನನನ್ನು ತಟ್ಟಿ ಎಬ್ಬಿಸುತ್ತದೆ. ಯಜಮಾನ ಚೀಟಿ ಓದಿ ಕೆಲಸ ಮುಗಿಸಿ ಉತ್ತರ ಇಡುತ್ತಾನೆ. ಲಿನಕ್ಸ್ ಒಂದು ಕಡೆ, ಸಣ್ಣ ಆರ್‌ಟಿಒಎಸ್ (ತಕ್ಕ ಹೊತ್ತಿಗೇ ಕೆಲಸ ಮುಗಿಸುವ ಆಪರೇಟಿಂಗ್ ಸಿಸ್ಟಂ, ಅಂದರೆ ಓಎಸ್) ಇನ್ನೊಂದು ಕಡೆ ಇದ್ದರೆ ಆರ್‌ಪಿಮೆಸೇಜ್ ಅನ್ನುವ ಸಿದ್ಧ ವ್ಯವಸ್ಥೆಯೇ ಇದೆ. ಅದರಲ್ಲಿ ಮಾಮೂಲಿಯಾಗಿ ಒಂದು ಚೀಟಿ 512 ಬೈಟ್, ತಲೆಬರಹ ಕಳೆದರೆ 496. ದೊಡ್ಡ ಡೇಟಾ ಇದ್ದರೆ ಚೀಟಿಯಲ್ಲಿ ತುರುಕಬೇಡಿ. ಡೇಟಾವನ್ನು ಹಂಚಿಕೊಂಡ ರ್‍ಯಾಮ್‌ನಲ್ಲಿಟ್ಟು, ಎಲ್ಲಿದೆ ಅಂತ ಮಾತ್ರ ಚೀಟಿಯಲ್ಲಿ ಬರೆಯಿರಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ಜನ ಎಡವುವುದು ಇಲ್ಲೇ ಜಾಸ್ತಿ. ಯಜಮಾನ "ಆಯ್ತು" ಅಂದರೆ ಏನು ಅರ್ಥ? ಚೀಟಿ ಸಿಕ್ಕಿತು ಅಂತಲೋ, ಫ್ಲ್ಯಾಶ್‌ಗೆ ಇಳಿಯಿತು ಅಂತಲೋ? ಬಿಲ್ ತಗೊಂಡಾಕ್ಷಣ ದೋಸೆ ತಟ್ಟೆಗೆ ಬಂದ ಹಾಗಲ್ಲ, ಅಲ್ವಾ? ಲಾಗ್ ಸಾಲಿಗೆ ಮೊದಲನೆಯ ಉತ್ತರ ಸಾಕು. ಬ್ಯಾಟರಿಯಲ್ಲಿ ಬೆಂಕಿಯ ಲಕ್ಷಣ ಕಂಡಾಗ ಬರೆಯುವ ಫಾಲ್ಟ್ ಕೋಡ್‌ಗೆ ಎರಡನೆಯದೇ ಬೇಕು. ಈ ಎರಡು ಉತ್ತರಗಳನ್ನು ಮೊದಲ ದಿನವೇ ಬೇರೆ ಬೇರೆ ಇಟ್ಟರೆ ಎರಡು ಟೀಮ್‌ಗಳ ನಡುವಿನ ಎಷ್ಟೋ ಜಗಳ ತಪ್ಪುತ್ತದೆ.

ಸಾಲಿನಲ್ಲೂ ಮೇಲು ಕೆಳಗು ಇರಲಿ. 40 ಎಂಬಿ ಮ್ಯಾಪ್ ಡೌನ್‌ಲೋಡ್ ಬರೆಯುತ್ತಿರುವಾಗ 20 ಬೈಟ್‌ನ ಫಾಲ್ಟ್ ಕೋಡ್ ಅದರ ಹಿಂದೆ ಕಾಯಬಾರದು. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ನಡುನಡುವೆ ತುರ್ತಿನದಕ್ಕೆ ದಾರಿ ಬಿಡಬೇಕು. ಬೀಗ ಬಿಟ್ಟು ಯಜಮಾನನ ಕ್ರಮ ಹಿಡಿಯಲು ಇದೂ ಒಂದು ಕಾರಣ. 1997ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ನಾಸಾ ನೌಕೆ ಪಾತ್‌ಫೈಂಡರ್ ಪದೇಪದೇ ರೀಸೆಟ್ ಆಗುತ್ತಿತ್ತು. ಹವಾಮಾನದ ಡೇಟಾ ನೋಡುವ ಕೆಳಗಿನ ದರ್ಜೆಯ ಟಾಸ್ಕ್ ಒಂದು ಬೀಗ ಹಿಡಿದಿತ್ತು. ಮೇಲಿನ ದರ್ಜೆಯ ಟಾಸ್ಕ್ ಅದಕ್ಕೇ ಕಾಯುತ್ತಿತ್ತು. ನಡುವಿನ ದರ್ಜೆಯದು ಬಂದು ಕೆಳಗಿನದನ್ನು ಓಡಲು ಬಿಡಲಿಲ್ಲ. ವಾಚ್‌ಡಾಗ್ ಟೈಮರ್ (ಕೆಲಸ ನಿಂತುಹೋಗಿದೆಯೇ ಅಂತ ನೋಡುವ ಕಾವಲುಗಾರ) ಎಲ್ಲವನ್ನೂ ರೀಸೆಟ್ ಮಾಡಿತು. ಬೀಗ ಹಿಡಿದವನಿಗೆ ತಾತ್ಕಾಲಿಕವಾಗಿ ಮೇಲಿನ ದರ್ಜೆ ಸಿಗುವ ಹಾಗೆ ಭೂಮಿಯಿಂದಲೇ ಒಂದು ಸೆಟ್ಟಿಂಗ್ ಬದಲಿಸಿ ಅದನ್ನು ಸರಿಮಾಡಿದರು. ಅಲ್ಲಿ ಇದ್ದದ್ದು ಒಂದೇ ಪ್ರೊಸೆಸರ್, ಒಂದೇ ಓಎಸ್. ಎರಡು ಕೋರ್, ಎರಡು ಬೇರೆ ಓಎಸ್ ಇರುವ ಕಡೆ ಈ ದರ್ಜೆ ದಾಟಿಸಲು ಯಾರೂ ಇಲ್ಲ. ಲಿನಕ್ಸ್ ಕಡೆಯ ಯಾವುದೋ ಸಾಮಾನ್ಯ ಪ್ರೋಗ್ರಾಂ ಸೆಮಾಫೋರ್ ಹಿಡಿದು ಮಲಗಿದರೆ ಮೋಟಾರ್ ಕೋರ್ ಕಾಯಲೇಬೇಕು. ಆ ಪ್ರೋಗ್ರಾಂ ಸತ್ತೇಹೋದರೆ? ಸೆಮಾಫೋರ್ ಬಿಡುವವರೇ ಇಲ್ಲ.

ಇನ್ನು ಫ್ಲ್ಯಾಶ್‌ನ ಸ್ವಭಾವಕ್ಕೆ ಬರೋಣ. ಯಜಮಾನ ಯಾರೇ ಆಗಲಿ, ಈ ಸ್ವಭಾವ ಗೊತ್ತಿರಬೇಕು.

ಫ್ಲ್ಯಾಶ್ ಅನ್ನು ತೋಷಿಬಾದಲ್ಲಿ ಕಂಡುಹಿಡಿದವರು ಫುಜಿಯೊ ಮಸುವೊಕ. 1984ರಲ್ಲಿ ಜಗತ್ತಿಗೆ ತೋರಿಸಿದರು. ಕ್ಯಾಮೆರಾ ಫ್ಲ್ಯಾಶ್ ಹೊಡೆದ ಹಾಗೆ ಒಂದೇ ಏಟಿಗೆ ಅಷ್ಟೂ ಅಳಿಸುತ್ತದೆ ಅಂತ ಆ ಹೆಸರು ಬಂತು. ಅಳಿಸುವುದು ಹಾಗೆ ಒಟ್ಟಿಗೇ ಆಗಬೇಕು, ಬಿಡಿ ಬಿಡಿಯಾಗಿ ಆಗುವುದಿಲ್ಲ. ನಾವು ಚಿಕ್ಕವರಿದ್ದಾಗ ಸ್ಲೇಟಿನಲ್ಲಿ ಒಂದು ಅಕ್ಷರ ತಪ್ಪಾದರೆ ಬೆರಳಿನಿಂದ ಅಷ್ಟೇ ಒರೆಸುತ್ತಿದ್ದೆವು. ಈ ಸ್ಲೇಟಿನಲ್ಲಿ ಅದು ಆಗದು. ಒಂದು ಅಕ್ಷರ ತಿದ್ದಬೇಕಾದರೂ ಇಡೀ ಸ್ಲೇಟು ಒರೆಸಿ ಮತ್ತೆ ಬರೆಯಬೇಕು. ಬರೆಯುವಾಗ 1 ಇದ್ದದ್ದನ್ನು 0 ಮಾಡಬಹುದು. 0 ಇದ್ದದ್ದನ್ನು ಮತ್ತೆ 1 ಮಾಡಬೇಕಾದರೆ ಅಷ್ಟೂ ಬ್ಲಾಕ್ ಅಳಿಸಬೇಕು.

ಅಳಿಸಲು ಸಮಯವೂ ಹಿಡಿಯುತ್ತದೆ. ಮಾರುಕಟ್ಟೆಯಲ್ಲಿ ಮಾಮೂಲಿಯಾಗಿ ಸಿಗುವ 16 ಎಂಬಿ ಎಸ್‌ಪಿಐ ನಾರ್ ಫ್ಲ್ಯಾಶ್‌ನಲ್ಲಿ 4 ಕೆಬಿ ಸೆಕ್ಟರ್ (ಇಲ್ಲಿ ಒಮ್ಮೆಗೆ ಅಳಿಸುವ ಅತಿ ಸಣ್ಣ ತುಂಡು) ಅಳಿಸಲು ಸುಮಾರು 45 ಮಿಲಿಸೆಕೆಂಡ್. ಡೇಟಾಶೀಟ್ ನೋಡಿದರೆ ಗರಿಷ್ಠ 400 ಅಂತ ಇರುತ್ತದೆ. 240 ಮೆಗಾಹರ್ಟ್ಸ್‌ನಲ್ಲಿ ಓಡುವ ಕೋರ್‌ಗೆ 45 ಮಿಲಿಸೆಕೆಂಡ್ ಅಂದರೆ ಒಂದು ಕೋಟಿಗೂ ಜಾಸ್ತಿ ಕ್ಲಾಕ್ ಸೈಕಲ್. ಅಷ್ಟು ಹೊತ್ತು ಆ ಫ್ಲ್ಯಾಶ್‌ನಿಂದ ಏನನ್ನೂ ಓದಲು ಆಗುವುದಿಲ್ಲ. ಓಡುತ್ತಿರುವ ಪ್ರೋಗ್ರಾಂ ಕೂಡ ಅದೇ ಫ್ಲ್ಯಾಶ್‌ನಲ್ಲಿ ಇದ್ದರೆ?

ಇಎಸ್‌ಪಿ32 ಚಿಪ್‌ನಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಅದರಲ್ಲಿ ಎರಡು ಕೋರ್, ಒಂದೇ ಫ್ಲ್ಯಾಶ್. ಕೋಡೂ ಅಲ್ಲೇ, ಫೈಲೂ ಅಲ್ಲೇ. ಒಂದು ಕೋರ್ ಫ್ಲ್ಯಾಶ್‌ಗೆ ಬರೆಯಲು ಹೊರಟರೆ ಎರಡೂ ಕೋರ್‌ನ ಕ್ಯಾಶ್ (ಓದಿದ್ದನ್ನು ಹತ್ತಿರ ಇಟ್ಟುಕೊಳ್ಳುವ ವೇಗದ ಮೆಮೊರಿ) ಆಫ್ ಆಗುತ್ತದೆ. ಇನ್ನೊಂದು ಕೋರ್ ಸುಮ್ನೆ ಕಾಯುತ್ತಾ ನಿಲ್ಲಬೇಕು. ಒಳಗಿನ ರ್‍ಯಾಮ್‌ನಲ್ಲಿ ಇಟ್ಟ ಇಂಟರಪ್ಟ್ ಕೋಡ್ ಮಾತ್ರ ಓಡುತ್ತದೆ. ರಾಸ್ಪ್‌ಬೆರಿ ಪೈ ಪಿಕೊದ ಆರ್‌ಪಿ2040 ಚಿಪ್‌ನಲ್ಲೂ ಹೀಗೇ, ಬರೆಯುವ ಮೊದಲು ಇನ್ನೊಂದು ಕೋರನ್ನು ನಿಲ್ಲಿಸಬೇಕು. ಇದನ್ನು ಮರೆತವರ ಬೋರ್ಡ್ ತಿಂಗಳಿಗೊಮ್ಮೆ ಕಾರಣವೇ ಇಲ್ಲದೆ ಹ್ಯಾಂಗ್ ಆಗುತ್ತದೆ. ಮೇಜಿನ ಮೇಲೆ ಎಷ್ಟು ಸಲ ಟೆಸ್ಟ್ ಮಾಡಿದರೂ ಸಿಗುವುದಿಲ್ಲ. ಯಾಕೆಂದರೆ ಹ್ಯಾಂಗ್ ಆಗಬೇಕಾದರೆ, ಅಳಿಸುವ ಆ 45 ಮಿಲಿಸೆಕೆಂಡಿನೊಳಗೇ ಫ್ಲ್ಯಾಶ್‌ನಲ್ಲಿರುವ ಕೋಡ್ ಬೇಕಾದ ಇಂಟರಪ್ಟ್ ಬರಬೇಕು. ಹಾಗಾಗಿ ಮೋಟಾರ್ ಥರದ ತುರ್ತಿನ ಕೆಲಸದ ಕೋಡ್ ಇದ್ದರೆ ಅದನ್ನು ರ್‍ಯಾಮ್‌ಗೆ ಎತ್ತಿಡಿ, ಇಲ್ಲವೇ ಕೋಡ್‌ಗೆ ಬೇರೆ ಫ್ಲ್ಯಾಶ್, ಫೈಲಿಗೆ ಬೇರೆ ಫ್ಲ್ಯಾಶ್ ಅಂತ ಹಠ ಹಿಡಿಯಿರಿ. ಇದೊಂದು ಕಡೆ ಮಾತ್ರ ದುಡ್ಡು ಉಳಿಸಲು ಹೋಗಬಾರದು ಅಂತ ನಾನು ನಂಬುತ್ತೇನೆ.

ಪ್ರೊಸೆಸರ್ ಕ್ಯಾಶ್‌ನ ವಿಷಯ ಒಂದೇ ಮಾತಿನಲ್ಲಿ. ಚೀಟಿ ಇಡುವ ರ್‍ಯಾಮ್ ಜಾಗವನ್ನು ಒಂದು ಕೋರ್ ಕ್ಯಾಶ್ ಮೂಲಕ ನೋಡಿ, ಇನ್ನೊಂದು ನೇರವಾಗಿ ನೋಡಿದರೆ, ಬರೆದ ಚೀಟಿ ಎದುರಿನವರಿಗೆ ಕಾಣುವುದೇ ಇಲ್ಲ. ಆ ಜಾಗಕ್ಕೆ ಕ್ಯಾಶ್ ಆಫ್ ಮಾಡುವುದು ಸುಲಭದ ದಾರಿ.

ಈಗ ಸವೆತದ ಲೆಕ್ಕ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ, ಯಾಕೆಂದರೆ ಗಾಡಿ ಮಾರಿದ ಮೂರು ನಾಲ್ಕು ವರ್ಷದ ಮೇಲೆ ಬರುವ ತೊಂದರೆ ಇದು.

ಅದೇ 16 ಎಂಬಿ ನಾರ್ ತಗೊಳ್ಳೋಣ. 4 ಕೆಬಿಯ 4096 ಸೆಕ್ಟರ್. ಒಂದೊಂದನ್ನೂ ಒಂದು ಲಕ್ಷ ಸಲ ಅಳಿಸಬಹುದು. ಸಣ್ಣ ಕೋರ್ ಸೆಕೆಂಡಿಗೆ ಒಂದು ಸಾಲು, 64 ಬೈಟ್, ಬರೆಯುತ್ತದೆ. ಪ್ರತಿ ಸಾಲಿಗೂ ಸಿಂಕ್ ಮಾಡಿ (ಕೂಡಲೇ ಫ್ಲ್ಯಾಶ್‌ಗೆ ಇಳಿಸಿ), ಪ್ರತಿ ಸಿಂಕ್‌ಗೂ ಒಂದು ಸೆಕ್ಟರ್ ಅಳಿಸಿದರೆ ದಿನಕ್ಕೆ 86,400 ಅಳಿಸುವಿಕೆ. ಎಲ್ಲ ಒಂದೇ ಸೆಕ್ಟರಿನ ಮೇಲೆ ಬಿದ್ದರೆ 28 ಗಂಟೆಯೊಳಗೆ ಅದರ ಆಯಸ್ಸು ಮುಗಿಯಿತು. ಸೋಮವಾರ ಬೆಳಗ್ಗೆ ಆನ್ ಮಾಡಿದ ಗಾಡಿಗೆ ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಸೆಕ್ಟರ್ ಹೋಯಿತು. ಸವೆತವನ್ನು 4096 ಸೆಕ್ಟರಿಗೂ ಸಮನಾಗಿ ಹಂಚಿದರೆ ಸುಮಾರು 13 ವರ್ಷ. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಇನ್ನೂ ಮೂರು ಕಡೆಯಿಂದ ಅಷ್ಟಷ್ಟೇ ಬರೆಯಲು ಶುರುಮಾಡಿದರೆ ಅದೇ 13 ವರ್ಷ ಮೂರೂಕಾಲು ವರ್ಷಕ್ಕೆ ಇಳಿಯುತ್ತದೆ. ಪ್ರತಿ ಟೀಮ್ ತನ್ನ ಲೆಕ್ಕ ಮಾಡಿ 13 ವರ್ಷ ಬರುತ್ತದೆ ಅಂತ ರಿಪೋರ್ಟ್ ಕೊಟ್ಟಿರುತ್ತದೆ. ನಾಲ್ಕೂ ರಿಪೋರ್ಟ್ ಸರಿಯೇ. ಕೂಡಿಸಿದವರು ಯಾರೂ ಇಲ್ಲ.

ಯಜಮಾನ ಒಬ್ಬನೇ ಇದ್ದರೆ ಕೂಡಿಸುವುದು ತಾನಾಗಿಯೇ ಆಗುತ್ತದೆ. ಎಲ್ಲ ಚೀಟಿಯೂ ಅವನ ಕೈಮೇಲೆ ಹೋಗುತ್ತದೆ. ಯಾರು ಎಷ್ಟು ಬರೆದರು ಅಂತ ಅವನು ಎಣಿಸಬಹುದು, ಮಿತಿ ಹಾಕಬಹುದು. ಇನ್ನೂ ದೊಡ್ಡ ಲಾಭ, ಅವನು ಚೀಟಿಗಳನ್ನು ಒಟ್ಟುಗೂಡಿಸಬಹುದು. 64 ಸಾಲು ರ್‍ಯಾಮ್‌ನಲ್ಲಿ ಸೇರಿಸಿ 4 ಕೆಬಿ ಆದ ಮೇಲೆ ಒಂದೇ ಸಲ ಬರೆದರೆ ಅಳಿಸುವುದು 64ರಲ್ಲಿ ಒಂದು ಪಾಲಿಗೆ ಇಳಿಯಿತು. ಇಲ್ಲಿ ಕೊಡುವ ಬೆಲೆ ಒಂದೇ. ಪವರ್ ಹೋದರೆ ಕೊನೆಯ ಒಂದು ನಿಮಿಷದ ಲಾಗ್ ಹೋಗುತ್ತದೆ. ಆ ಬೆಲೆ ಒಪ್ಪಿಗೆಯೇ ಅಂತ ಗಾಡಿ ತಯಾರಿಸುವವರನ್ನು ಕೇಳಿ ತಿಳಿಯಬೇಕು. ನಾವೇ ಊಹಿಸಬಾರದು.

ಇದು ಕಾಗದದ ಮೇಲಿನ ಭಯ ಅಲ್ಲ. 2021ರ ಫೆಬ್ರವರಿಯಲ್ಲಿ ಟೆಸ್ಲಾ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಹಳೆಯ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳನ್ನು ರಿಪೇರಿಗೆ ವಾಪಸ್ ಕರೆಯಬೇಕಾಯಿತು. ಸ್ಕ್ರೀನ್ ಕಂಪ್ಯೂಟರಿನ 8 ಜಿಬಿ ಇಎಂಎಂಸಿ ಬರೆದು ಬರೆದು ಸವೆದಿತ್ತು. ಸ್ಕ್ರೀನ್ ಹೋದಾಗ ರಿವರ್ಸ್ ಕ್ಯಾಮೆರಾ ಚಿತ್ರವೂ ಹೋಗುತ್ತಿತ್ತು. ರಿಪೇರಿಯಲ್ಲಿ 64 ಜಿಬಿಯ ಬೋರ್ಡ್ ಹಾಕಿಕೊಟ್ಟರು. ಇಎಂಎಂಸಿ 5.0 ರಿಂದ ಈಚೆಗೆ ಚಿಪ್ ತನ್ನ ಆಯಸ್ಸು ಎಷ್ಟು ಮುಗಿದಿದೆ ಅಂತ ಹತ್ತು ಹತ್ತು ಪರ್ಸೆಂಟಿನ ಲೆಕ್ಕದಲ್ಲಿ ತಾನೇ ಹೇಳುತ್ತದೆ. ಆ ಸಂಖ್ಯೆ ಓದಿ ಸರ್ವರ್‌ಗೆ ಕಳಿಸಲು ನಾಲ್ಕು ಸಾಲು ಕೋಡ್ ಸಾಕು. ನಾನು ನೋಡಿದ ಬಹಳಷ್ಟು ಬೋರ್ಡ್‌ಗಳಲ್ಲಿ ಆ ನಾಲ್ಕು ಸಾಲು ಇಲ್ಲ. ಇದು ನನಗೆ ನಿಜವಾಗಲೂ ಬೇಸರದ ವಿಷಯ.

ಯಜಮಾನನ ಕ್ರಮದಲ್ಲೂ ಕಷ್ಟಗಳಿವೆ, ಮುಚ್ಚಿಡುವುದಿಲ್ಲ. ಲಿನಕ್ಸ್ ಯಜಮಾನ ಆದರೆ ಏಳಲು ಹಲವು ಸೆಕೆಂಡ್ ಬೇಕು. ಸಣ್ಣ ಕೋರ್ ಅಷ್ಟರೊಳಗೆ ಕೆಲಸ ಶುರುಮಾಡಿ ಸೆಟ್ಟಿಂಗ್ಸ್ ಕೇಳುತ್ತಿರುತ್ತದೆ. ಯಜಮಾನ ನಡುವೆ ಕ್ರ್ಯಾಶ್ ಆಗಿ ಮತ್ತೆ ಏಳುವಾಗಲೂ ಹೀಗೇ. ಇದಕ್ಕೆ ನನಗೆ ಹಿಡಿಸಿದ ದಾರಿ, ಸಣ್ಣ ಕೋರ್‌ಗೆ ಬೇಕೇಬೇಕಾದ ಕೆಲವು ನೂರು ಬೈಟ್‌ಗಳನ್ನು ಬೇರೆ ಇಡುವುದು. ಒಂದು ಪುಟ್ಟ ಎಫ್‌ರ್‍ಯಾಮ್ (ಕರೆಂಟ್ ಹೋದರೂ ನೆನಪಿಡುವ ಬೇರೆ ಜಾತಿಯ ಮೆಮೊರಿ) ಚಿಪ್ ಇದ್ದರೆ ತುಂಬಾ ಒಳ್ಳೆಯದು. ಅದಕ್ಕೆ ಅಳಿಸುವ ಗೋಜಿಲ್ಲ, ಸವೆತವೂ ಇಲ್ಲ ಅನ್ನುವಷ್ಟು ಕಡಿಮೆ. ಅದು ಆಗದಿದ್ದರೆ ಫ್ಲ್ಯಾಶ್‌ನಲ್ಲೇ ಬೇರೆ ಪಾರ್ಟಿಷನ್ (ಪಾಲು) ಕೊಟ್ಟು, ಅದಕ್ಕೆ ಸಣ್ಣ ಕೋರನ್ನೇ ಯಜಮಾನನಾಗಿ ಮಾಡಬಹುದು. ಫೈಲ್ ಸಿಸ್ಟಂ ಹಂಚಿಕೊಂಡ ಹಾಗಾಗಲಿಲ್ಲ. ಆದರೆ ತಂತಿ ಒಂದೇ ಅನ್ನುವುದು ನೆನಪಿರಲಿ. ಫ್ಲ್ಯಾಶ್ ಬಿಡುವಾಗಿಲ್ಲದಾಗ ಇಬ್ಬರೂ ಕಾಯಬೇಕು. ಬೀಗ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ಫ್ಲ್ಯಾಶ್ ಮೌಂಟ್ ಆಗದಿದ್ದರೂ ಬೋರ್ಡ್ ಏಳುವ ಹಾಗಿರಬೇಕು, ಇದಂತೂ ಖಡಾಖಂಡಿತ. 2004ರ ಜನವರಿಯಲ್ಲಿ ಮಂಗಳದ ಮೇಲಿದ್ದ ಸ್ಪಿರಿಟ್ ರೋವರ್ ಇದೇ ಗುಂಡಿಗೆ ಬಿದ್ದಿತ್ತು. ಫ್ಲ್ಯಾಶ್‌ನಲ್ಲಿ ಫೈಲುಗಳು ಜಾಸ್ತಿಯಾಗಿ, ಅವುಗಳ ಪಟ್ಟಿಗೆ ರ್‍ಯಾಮ್ ಸಾಲದೆ ರೀಸೆಟ್ ಆಯಿತು. ಎದ್ದ ಕೂಡಲೇ ಮತ್ತೆ ಮೌಂಟ್, ಮತ್ತೆ ರೀಸೆಟ್. ಫ್ಲ್ಯಾಶ್ ಮುಟ್ಟದೆ ಏಳುವ ಒಂದು ದಾರಿಯನ್ನು ಇಂಜಿನಿಯರ್‌ಗಳು ಮೊದಲೇ ಇಟ್ಟಿದ್ದರು. ಅದರಿಂದ ಎಬ್ಬಿಸಿ ಬೇಡದ ಫೈಲುಗಳನ್ನು ತೆಗೆದರು. ರೋವರ್ ಆಮೇಲೆ ವರ್ಷಗಟ್ಟಲೆ ಓಡಾಡಿತು.

ಸಾಫ್ಟ್‌ವೇರ್ ಅಪ್ಡೇಟ್ ಬಂದಾಗಲೂ ಯಜಮಾನನೇ ನಿಲ್ಲಬೇಕು. ಎರಡು ಕೋರ್‌ನ ಹೊಸ ಪ್ರೋಗ್ರಾಂಗಳು ಒಟ್ಟಿಗೆ ಬದಲಾಗಬೇಕು, ಇಲ್ಲವೇ ಎರಡೂ ಹಳೆಯದೇ ಇರಬೇಕು. ಒಂದು ಹೊಸದು, ಒಂದು ಹಳೆಯದಾದರೆ ಚೀಟಿಯ ಭಾಷೆಯೇ ಹೊಂದುವುದಿಲ್ಲ.

ನಮ್ಮ ಆಟೋ ಬೋರ್ಡಿನ ಕಥೆಗೆ ಬರುತ್ತೇನೆ. ಸಣ್ಣ ಕೋರ್‌ನಿಂದ ಫೈಲ್ ಸಿಸ್ಟಂ ಪೂರ್ತಿ ಕಿತ್ತುಹಾಕಿದೆವು. ಅದು ಈಗ 256 ಸಾಲಿನ ಒಂದು ಉಂಗುರ ಬಫರಿನಲ್ಲಿ (ಕೊನೆ ಮುಟ್ಟಿದರೆ ಮತ್ತೆ ಮೊದಲಿಂದ ಬರೆಯುವ ಜಾಗದಲ್ಲಿ) ಲಾಗ್ ಇಟ್ಟು ದೊಡ್ಡ ಕೋರ್‌ಗೆ ತಿಳಿಸುತ್ತದೆ. ಚಿಪ್ ಯಾವುದೇ ಆಗಿದ್ದರೂ ಮಾಡುವ ಕೆಲಸ ಇದೇ ಆಗಿರುತ್ತಿತ್ತು. ಸೆಟ್ಟಿಂಗ್ಸ್ ಫೈಲಿಗೆ ಎರಡು ಪ್ರತಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಮತ್ತು ಡೇಟಾ ಕೆಟ್ಟಿದೆಯೇ ಅಂತ ತೋರಿಸುವ ಸಿಆರ್‌ಸಿ. ಹೊಸದನ್ನು ಬರೆದು, ಓದಿ ಸರಿನೋಡಿದ ಮೇಲೆಯೇ ಹಳೆಯದನ್ನು ಮುಟ್ಟುವುದು. ಹೊಸ ಬೋರ್ಡ್‌ನಲ್ಲಿ ಫ್ಯಾಟ್ ಬಿಟ್ಟು ಲಿಟಲ್‌ಎಫ್‌ಎಸ್‌ಗೆ ಹೋಗೋಣ ಅಂದೆ. 2017ರಲ್ಲಿ ಚಿಪ್ ವಿನ್ಯಾಸದ ಆರ್ಮ್ ಕಂಪನಿ ಹೊರತಂದ ಆ ಫೈಲ್ ಸಿಸ್ಟಂ ಪವರ್ ಹಠಾತ್ತನೆ ಹೋಗುವುದನ್ನು ಮನಸ್ಸಿನಲ್ಲಿಟ್ಟೇ ಕಟ್ಟಿದ್ದು. ಆದರೆ ಅದನ್ನೂ ಎರಡು ಕೋರ್ ಬೇರೆ ಬೇರೆ ಮೌಂಟ್ ಮಾಡಿದರೆ ಇದೇ ಗತಿ.

ಆಮೇಲೆ ಟೆಸ್ಟ್. ಎಸ್‌ಪಿ ರೋಡಿನಿಂದ ಒಂದು ರಿಲೇ (ಕಂಪ್ಯೂಟರ್ ಒತ್ತುವ ಸ್ವಿಚ್) ಬೋರ್ಡ್ ತಂದು ಪವರ್ ತಂತಿಯ ನಡುವೆ ಹಾಕಿದೆವು. ಒಂದು ಸಣ್ಣ ಸ್ಕ್ರಿಪ್ಟ್ ಲೆಕ್ಕವಿಲ್ಲದ ಹೊತ್ತಿಗೆ ಪವರ್ ಕಿತ್ತು ಮತ್ತೆ ಕೊಡುತ್ತದೆ. ಪ್ರತಿ ಸಲ ಎದ್ದ ಮೇಲೆ ಬೋರ್ಡ್ ಮೂರು ವಿಷಯ ಹೇಳಬೇಕು: ಸೆಟ್ಟಿಂಗ್ಸ್‌ನ ಸಿಆರ್‌ಸಿ ಸರಿಯಿದೆಯೇ, ಫ್ಲ್ಯಾಶ್‌ಗೆ ಇಳಿಯಿತು ಅಂತ ಉತ್ತರ ಕೊಟ್ಟ ಕೊನೆಯ ಸಾಲು ಲಾಗ್‌ನಲ್ಲಿ ಇದೆಯೇ, ಯಾವುದಾದರೂ ಕ್ಲಸ್ಟರ್ ಎರಡು ಫೈಲಿಗೆ ಸೇರಿದೆಯೇ. ಹಳೆಯ ಸಾಫ್ಟ್‌ವೇರ್ ಹಾಕಿ ಓಡಿಸಿದ ಮೊದಲ ರಾತ್ರಿಯೇ ಮೂರನೆಯ ಪ್ರಶ್ನೆಗೆ ಹೌದು ಅಂತ ಬಂತು. ಮೂರು ದಿನ ಹುಡುಕಿದರೂ ಸಿಗದಿದ್ದದ್ದು ಒಂದು ರಿಲೇಯಿಂದ ಸಿಕ್ಕಿತು. ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ಆ ರಿಲೇ ವಾರಪೂರ್ತಿ ಟಕ್ ಟಕ್ ಅನ್ನುತ್ತಾ ಓಡಿತು. ಸರ್ವಿಸ್ ಹುಡುಗ ದಿನಾ ಬೆಳಗ್ಗೆ ಬಂದು ಮೊದಲು ತಪ್ಪುಗಳ ಎಣಿಕೆ ನೋಡುತ್ತಿದ್ದ. "ಸಾರ್, ಇನ್ನೂ ಸೊನ್ನೆನೇ ಇದೆ," ಅಂತ ಹೇಳಿ ತನ್ನ ಕೆಲಸಕ್ಕೆ ಹೋಗುತ್ತಿದ್ದ.